ಸಂಬಳ, ತೆರಿಗೆ ಮತ್ತು ಮನೆಯ ಗುಟ್ಟು

ಗಂಡಸರ ಸಂಬಳವನ್ನೂ ಹೆಂಗಸರ ವಯಸ್ಸನ್ನೂ ಕೇಳಬಾರದು ಎಂದು ನಮ್ಮಲ್ಲಿ ಒಂದು ಮಾತುಂಟು. ಕೇಳಬಾರದ ಈ ಎರಡನ್ನೂ ಒಂದೇ ಹಾಳೆಯ ಮೇಲೆ, ಯಾವ ಸಂಕೋಚವೂ ಇಲ್ಲದೆ, ಗಂಡಸರು ಹೆಂಗಸರು ಎಂಬ ಭೇದವೂ ಇಲ್ಲದೆ ಕೇಳುವ ಸ್ಥಳ ಒಂದಿದೆ. ಅದು ನೀವು ಹೊಸದಾಗಿ ಕೆಲಸಕ್ಕೆ ಸೇರುವ ಕಛೇರಿ. ಹೆಸರೇನು, ತಂದೆಯ ಹೆಸರೇನು, ಹುಟ್ಟಿದ ದಿನ ಯಾವುದು, ಪ್ಯಾನ್ ಸಂಖ್ಯೆ ಎಷ್ಟು, ಯಾವ ಬ್ಯಾಂಕಿನಲ್ಲಿ ಖಾತೆ ಎಂದು ಮೊದಲ ದಿನವೇ ಕೇಳುತ್ತಾರೆ. ಆಮೇಲೆ ತೆರಿಗೆಯ ರಿಯಾಯಿತಿ ಬೇಕಾದವರು ಇನ್ನೂ ಒಳಮನೆಯ ಸಂಗತಿಗಳನ್ನು ಬರೆದುಕೊಡಬೇಕಾಗುತ್ತದೆ. ಬಾಡಿಗೆ ಎಷ್ಟು, ಮನೆಯ ಯಜಮಾನರು ಯಾರು, ಮನೆ ಕಟ್ಟಲು ಎಲ್ಲಿ ಸಾಲ ತೆಗೆದಿರಿ, ತಾಯಿತಂದೆಯರ ಔಷಧೋಪಚಾರಕ್ಕೆ ವಿಮೆ ಉಂಟೆ, ಅವಲಂಬಿತರಲ್ಲಿ ಅಂಗವಿಕಲರು ಯಾರಾದರೂ ಇದ್ದಾರೆಯೆ - ಹೀಗೆ ವರ್ಷ ಮುಗಿಯುವ ಹೊತ್ತಿಗೆ ಹತ್ತಿರದ ನೆಂಟರಿಗೂ ತಿಳಿಯದ ನಾಲ್ಕು ಮಾತು ಕಛೇರಿಯ ಲೆಕ್ಕದ ಗುಮಾಸ್ತೆಗೆ ತಿಳಿದಿರುತ್ತದೆ.

ಇಲ್ಲಿ ಯೋಚನೆಗೆ ಅರ್ಹವಾದ ಒಂದು ಪ್ರಶ್ನೆ ಇದೆ. ತೆರಿಗೆ ಸಲ್ಲತಕ್ಕದ್ದು ಸರ್ಕಾರಕ್ಕೆ. ತೆರಬೇಕಾದವರು ನೀವು. ನಡುವೆ ನಿಂತ ಧಣಿಗೆ ಈ ವಿವರಗಳೆಲ್ಲ ಏಕೆ? ಈ ಪ್ರಶ್ನೆಯನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ. ಆ ಕಥೆಯನ್ನು ತಿಳಿದುಕೊಂಡರೆ, ಕೈಗೆ ಬಂದ ಹಾಳೆಯನ್ನು ತುಂಬುವಾಗ ಯಾವುದನ್ನು ಕೊಡಲೇಬೇಕು, ಯಾವುದನ್ನು ಕೊಡದೆಯೂ ಇರಬಹುದು ಎಂಬ ವಿವೇಚನೆ ಸುಲಭವಾದೀತು.

ಪ್ರಜೆಗಳ ವರಮಾನವನ್ನು ತಿಳಿಯಬೇಕೆಂಬ ರಾಜ್ಯದ ಆಸೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಟ್ಟಣದ ಆಡಳಿತವನ್ನು ಹೇಳುವ ಕಡೆ 'ಗೋಪ' ಎಂಬ ಅಧಿಕಾರಿಯ ಪ್ರಸ್ತಾಪ ಬರುತ್ತದೆ. ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಒಬ್ಬನಂತೆ ಇವನ ನೇಮಕ. ಆ ಮನೆಗಳಲ್ಲಿರುವ ಸ್ತ್ರೀಪುರುಷರ ಜಾತಿ, ಗೋತ್ರ, ಹೆಸರು, ಕಸುಬು ಇವಿಷ್ಟನ್ನೇ ಅಲ್ಲ, ಅವರ ಆಯವ್ಯಯಗಳನ್ನೂ ಅವನು ತಿಳಿದಿರಬೇಕು. ಆದರೆ ಒಂದು ಸಂಗತಿಯನ್ನು ಗಮನಿಸಿ. ಅಲ್ಲಿ ಕೇಳುವವನು ರಾಜನ ಆಳು. ನೇಕಾರನ ಮನೆಯ ವಿಷಯವನ್ನು ಅವನಿಗೆ ಕೂಲಿ ಕೊಡುವ ವರ್ತಕನಿಂದ ತಿಳಿದುಕೊಳ್ಳಬೇಕೆಂದಾಗಲಿ, ವರ್ತಕನಿಗೆ ತಿಳಿಸಬೇಕೆಂದಾಗಲಿ ಆ ಕಡೆ ಹೇಳಿಲ್ಲ. ಸರ್ಕಾರಕ್ಕೂ ದುಡಿಯುವವನಿಗೂ ನಡುವೆ ಧಣಿಯನ್ನು ನಿಲ್ಲಿಸಿದ್ದು ಇತ್ತೀಚಿನ ಕಾಲದ ಏರ್ಪಾಡು.

ಇದರ ಮೂಲವನ್ನು ಹುಡುಕುತ್ತ ಹೋದರೆ ನಾವು ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ಕಾಲ. ಬೊಕ್ಕಸ ಬರಿದಾಗಿತ್ತು. ಪ್ರಧಾನಮಂತ್ರಿ ಕಿರಿಯ ವಿಲಿಯಂ ಪಿಟ್ ೧೭೯೯ರಲ್ಲಿ ವರಮಾನ ತೆರಿಗೆಯನ್ನು ಜಾರಿಗೆ ತಂದ. ವರ್ಷಕ್ಕೆ ೬೦ ಪೌಂಡಿಗಿಂತ ಕಡಮೆ ವರಮಾನವಿದ್ದವರಿಗೆ ವಿನಾಯಿತಿ. ೨೦೦ ಪೌಂಡು ಮೀರಿದವರು ನೂರಕ್ಕೆ ಹತ್ತರಂತೆ ಕೊಡಬೇಕು. ಪ್ರತಿಯೊಬ್ಬನೂ ತನ್ನ ಒಟ್ಟು ವರಮಾನ ಇಷ್ಟು ಎಂದು ತಾನೇ ಬರೆದುಕೊಡಬೇಕಾಗಿತ್ತು. ಪಿಟ್ ನಿರೀಕ್ಷಿಸಿದ್ದು ಒಂದು ಕೋಟಿ ಪೌಂಡು. ಮೊದಲ ವರ್ಷ ಬಂದದ್ದು ೬೦ ಲಕ್ಷದ ಆಸುಪಾಸು. ಜನ ತಮ್ಮ ವರಮಾನವನ್ನು ಬಚ್ಚಿಟ್ಟರು. ತೆರಿಗೆಯ ಭಾರಕ್ಕಿಂತ ಹೆಚ್ಚಾಗಿ, ನೆರೆಹೊರೆಯವರೇ ಆದ ಕಮಿಷನರುಗಳ ಮುಂದೆ ತಮ್ಮ ಆಸ್ತಿಪಾಸ್ತಿಯನ್ನೆಲ್ಲ ಹರವಿಡಬೇಕಲ್ಲ ಎಂಬುದು ಅವರಿಗೆ ಸಹಿಸಲಿಲ್ಲ.

೧೮೦೩ರಲ್ಲಿ ಹೆನ್ರಿ ಆಡಿಂಗ್ಟನ್ ಈ ತೆರಿಗೆಯನ್ನು ಮತ್ತೆ ತಂದಾಗ ಎರಡು ಜಾಣತನದ ಮಾರ್ಪಾಡು ಮಾಡಿದ. ವರಮಾನವನ್ನು ಐದು ಬಾಬುಗಳಾಗಿ ಒಡೆದ - ನೆಲದ ಉತ್ಪನ್ನ ಒಂದು, ಬೇಸಾಯ ಒಂದು, ಸರ್ಕಾರಿ ಸಾಲಪತ್ರದ ಬಡ್ಡಿ ಒಂದು, ವ್ಯಾಪಾರ ಮತ್ತು ವೃತ್ತಿ ಒಂದು, ಸಂಬಳ ಒಂದು. ಒಂದೊಂದು ಬಾಬಿನ ಲೆಕ್ಕವೂ ಬೇರೆಬೇರೆ ಇದ್ದುದರಿಂದ ಒಬ್ಬ ಮನುಷ್ಯನ ಒಟ್ಟು ಐಶ್ವರ್ಯ ಯಾವೊಬ್ಬ ಅಧಿಕಾರಿಗೂ ತಿಳಿಯುತ್ತಿರಲಿಲ್ಲ. ಎರಡನೆಯದು, ಹಣ ಒಡೆಯನ ಕೈಸೇರುವ ಮೊದಲೇ ತೆರಿಗೆಯನ್ನು ಮುರಿದುಕೊಳ್ಳುವುದು. ಗೇಣಿದಾರ ತೆರಿಗೆ ಕಟ್ಟಿ, ಅಷ್ಟನ್ನು ಗೇಣಿಯಲ್ಲಿ ಹಿಡಿದುಕೊಂಡು, ಉಳಿದದ್ದನ್ನು ಭೂಮಾಲಿಕನಿಗೆ ಕೊಡುತ್ತಿದ್ದ. ಸರ್ಕಾರಿ ನೌಕರನ ಸಂಬಳದಲ್ಲಿ ಆಯಾ ಕಛೇರಿಯೇ ಮುರಿದುಕೊಳ್ಳುತ್ತಿತ್ತು. ಫಲವೇನಾಯಿತು ಗೊತ್ತೆ? ತೆರಿಗೆಯ ದರ ನೂರಕ್ಕೆ ಹತ್ತರಿಂದ ಐದಕ್ಕೆ ಇಳಿದಿದ್ದರೂ ಹುಟ್ಟುವಳಿ ಹೆಚ್ಚುಕಡಮೆ ಮೊದಲಿನಷ್ಟೇ ಬಂದಿತು. ಒಡೆಯನನ್ನು ಕೇಳುವುದಕ್ಕಿಂತ, ಹಣ ಕೊಡುವವನನ್ನು ಹಿಡಿಯುವುದು ಲೇಸು ಎಂಬ ಪಾಠವನ್ನು ಎಲ್ಲ ಸರ್ಕಾರಗಳೂ ಅಂದು ಕಲಿತವು. ಜನರಿಗಾದರೋ ಈ ತೆರಿಗೆಯ ಮೇಲೆ ಎಷ್ಟು ದ್ವೇಷವಿತ್ತೆಂದರೆ, ವಾಟರ್ಲೂ ಯುದ್ಧ ಮುಗಿದ ಮರುವರ್ಷ, ೧೮೧೬ರಲ್ಲಿ ಅದನ್ನು ತೆಗೆದುಹಾಕಿದಾಗ ಅದರ ಕಾಗದಪತ್ರಗಳನ್ನೂ ನಾಶಮಾಡಬೇಕೆಂದು ಪಾರ್ಲಿಮೆಂಟು ನಿರ್ಣಯಿಸಿತು. ವಿಚಿತ್ರವೆಂದರೆ, ಬೇರೊಂದು ಕಛೇರಿಗೆ ಹೋಗಿದ್ದ ನಕಲುಗಳು ಹಾಗೆಯೇ ಉಳಿದುಕೊಂಡವು. ಒಮ್ಮೆ ಬರೆದುಕೊಟ್ಟ ವಿವರ ಎಲ್ಲೆಲ್ಲಿ ನಕಲಾಗಿ ಉಳಿಯುತ್ತದೆ ಎಂಬುದನ್ನು ಬರೆದುಕೊಟ್ಟವನು ಅಂದೂ ಅರಿಯ.

ಇನ್ನು ನಮ್ಮ ದೇಶಕ್ಕೆ ಬರೋಣ. ೧೮೫೭ರ ಹೋರಾಟವನ್ನು ಅಡಗಿಸಲು ಬ್ರಿಟಿಷ್ ಸರ್ಕಾರ ಮಾಡಿದ ಸಾಲ ಬೆಟ್ಟವಾಗಿ ಬೆಳೆದಿತ್ತು. ಅದನ್ನು ಸರಿಪಡಿಸಲು ಜೇಮ್ಸ್ ವಿಲ್ಸನ್ ಎಂಬ ಅರ್ಥಶಾಸ್ತ್ರಜ್ಞ ಕಲ್ಕತ್ತೆಗೆ ಬಂದ. 'ಎಕಾನಮಿಸ್ಟ್' ಪತ್ರಿಕೆಯನ್ನು ಸ್ಥಾಪಿಸಿದವನು ಇವನೇ. ೧೮೬೦ರ ಫೆಬ್ರವರಿ ೧೮ರಂದು ಅವನು ಮಂಡಿಸಿದ ಆಯವ್ಯಯದಲ್ಲಿ ವರಮಾನ ತೆರಿಗೆಯ ಸೂಚನೆ ಇತ್ತು. ಜುಲೈ ೨೪ರಂದು ಕಾಯಿದೆಯಾಯಿತು. ವರ್ಷಕ್ಕೆ ೨೦೦ ರೂಪಾಯಿಯಿಂದ ೫೦೦ರ ವರೆಗಿನ ವರಮಾನಕ್ಕೆ ನೂರಕ್ಕೆ ಎರಡು, ಅದಕ್ಕೆ ಮೇಲ್ಪಟ್ಟರೆ ನಾಲ್ಕು. ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿ, ತನ್ನ ಆಕ್ಷೇಪಣೆಗಳನ್ನು ಪ್ರಕಟಿಸಿದ. ಅದಕ್ಕಾಗಿ ಅವನನ್ನು ಆ ಪದವಿಯಿಂದ ಹಿಂದಕ್ಕೆ ಕರೆಸಿಕೊಂಡರು. ವಿಲ್ಸನ್ ಕೂಡ ತಾನು ನೆಟ್ಟ ಗಿಡದ ಫಲವನ್ನು ಕಾಣಲಿಲ್ಲ. ಕಾಯಿದೆಯಾದ ಮೂರು ವಾರದೊಳಗೆ, ಆಗಸ್ಟ್ ೧೧ರಂದು, ಆಮಶಂಕೆಯಿಂದ ಕಲ್ಕತ್ತೆಯಲ್ಲಿಯೇ ತೀರಿಕೊಂಡ. ೧೮೬೫ರಲ್ಲಿ ಆ ತೆರಿಗೆ ನಿಂತುಹೋಯಿತು. ಮಧ್ಯೆ ಮಧ್ಯೆ ಬಂದು ಹೋಗುತ್ತಿದ್ದು ಕೊನೆಗೆ ೧೮೮೬ರ ಕಾಯಿದೆಯಿಂದ ಬೇರೂರಿತು. ಸರ್ಕಾರಿ ನೌಕರರ ಸಂಬಳದಲ್ಲಿ ತೆರಿಗೆಯನ್ನು ಮುರಿದುಕೊಂಡೇ ಬಟವಾಡೆ ಮಾಡುವ ಪದ್ಧತಿಯೂ ಆಗಲೇ ನೆಲೆಗೊಂಡಿತು.

೧೯೨೨ರ ವರಮಾನ ತೆರಿಗೆಯ ಕಾಯಿದೆ ಈ ಹೊಣೆಯನ್ನು ಸಂಬಳ ಕೊಡುವ ಎಲ್ಲರ ಮೇಲೂ ಹೊರಿಸಿತು. ಅದರ ೧೮ನೆಯ ಪ್ರಕರಣದಂತೆ ಸಂಬಳ ಕೊಡುವವನು, ಕೊಡುವ ಹೊತ್ತಿನಲ್ಲಿಯೇ ತೆರಿಗೆಯನ್ನು ಹಿಡಿದುಕೊಳ್ಳಬೇಕು. ನಮ್ಮ ಮೈಸೂರು ಸಂಸ್ಥಾನಕ್ಕೂ ೧೯೨೩ರಲ್ಲಿ ತನ್ನದೇ ಆದ ವರಮಾನ ತೆರಿಗೆಯ ಕಾಯಿದೆ ಬಂದಿತು. ೧೯೫೦ರ ಏಪ್ರಿಲ್ ೧ರಿಂದ ಭಾರತದ ಕಾಯಿದೆಯೇ ಇಲ್ಲಿಯೂ ನಡೆಯತೊಡಗಿತು. ೧೯೨೨ರ ಕಾಯಿದೆಯಲ್ಲಿ ಇನ್ನೊಂದು ಪ್ರಕರಣ, ೫೪ನೆಯದು, ಇತ್ತು. ತೆರಿಗೆದಾರನು ಬರೆದುಕೊಟ್ಟ ವಿವರಗಳೆಲ್ಲ ಗೋಪ್ಯ. ಅವನ್ನು ಹೊರಗೆಡಹಿದ ಸರ್ಕಾರಿ ಅಧಿಕಾರಿಗೆ ಆರು ತಿಂಗಳ ವರೆಗೆ ಸೆರೆವಾಸ ವಿಧಿಸಬಹುದು ಎಂದು ಅದು ಹೇಳುತ್ತಿತ್ತು. ಅಂದರೆ ಅಧಿಕಾರಿಯ ಬಾಯಿಗೆ ಕಾಯಿದೆ ಬೀಗ ಹಾಕಿತ್ತು. ಆದರೆ ಅದೇ ವಿವರ ಧಣಿಯ ಗುಮಾಸ್ತೆಯ ಮೇಜಿನ ಮೇಲೆ ಬಿದ್ದಿದ್ದರೆ, ಸರ್ಕಾರಿ ಅಧಿಕಾರಿಗೆ ಹಾಕಿದ ಆ ಬೀಗ ಅಲ್ಲಿಗೆ ಎಟುಕುತ್ತಿರಲಿಲ್ಲ. ನಾವು ಕೇಳಿದ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ.

ಈ ತೊಡಕನ್ನು ಎಲ್ಲರಿಗಿಂತ ಚೊಕ್ಕಟವಾಗಿ ಬಿಡಿಸಿದ್ದು ಇಂಗ್ಲೆಂಡು. ಅದರಲ್ಲಿ ಭಾರತದ ನಂಟೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಲ್ಲಿಯ ವರೆಗೆ ವರಮಾನ ತೆರಿಗೆಯ ಗೊಡವೆಯೇ ಇಲ್ಲದಿದ್ದ ಲಕ್ಷಾಂತರ ಕಾರ್ಖಾನೆಯ ಕೆಲಸಗಾರರು ತೆರಿಗೆ ಕೊಡಬೇಕಾಗಿ ಬಂದಿತು. ೧೯೪೦ರಿಂದ ಅವರ ಕೂಲಿಯಲ್ಲಿ ಮುರಿಯುತ್ತಿದ್ದರು, ನಿಜ. ಆದರೆ ಆ ಲೆಕ್ಕ ಹಿಂದಿನ ಗಳಿಕೆಯ ಮೇಲೆ. ಹೋದ ಸಲ ಹೆಚ್ಚು ದುಡಿದು ಈ ಸಲ ಕೂಲಿ ಇಳಿದವನಿಗೆ ಇದರಿಂದ ಬಹಳ ಕಷ್ಟವಾಗುತ್ತಿತ್ತು. ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯನಾದವನು ಪಾಲ್ ಚೇಂಬರ್ಸ್ ಎಂಬ ತೆರಿಗೆ ಅಧಿಕಾರಿ. ಈತ ೧೯೩೭ರಿಂದ ೧೯೪೦ರ ವರೆಗೆ ಭಾರತ ಸರ್ಕಾರದ ವರಮಾನ ತೆರಿಗೆಯ ಸಲಹೆಗಾರನಾಗಿದ್ದವನು. ತಿಂಗಳ ಸಂಬಳದಲ್ಲಿಯೇ ತೆರಿಗೆ ಮುರಿಯುವ ನಮ್ಮ ಪದ್ಧತಿಯನ್ನು ಹತ್ತಿರದಿಂದ ಬಲ್ಲವನು. 'ದುಡಿದಂತೆ ತೆರು' ಎಂಬ ಹೊಸ ಯೋಜನೆ ಸಿದ್ಧವಾಯಿತು. ಹಣಕಾಸಿನ ಮಂತ್ರಿ ಸರ್ ಕಿಂಗ್ಸ್‌ಲಿ ವುಡ್ ಅದನ್ನು ಪ್ರಕಟಿಸಬೇಕಾಗಿದ್ದ ದಿನವೇ, ೧೯೪೩ರ ಸೆಪ್ಟೆಂಬರ್ ೨೧ರಂದು, ತೀರಿಕೊಂಡ. ಅವನ ಸ್ಥಾನಕ್ಕೆ ಬಂದವನು ಹಿಂದೆ ಬಂಗಾಳದ ಗವರ್ನರ್ ಆಗಿದ್ದ ಸರ್ ಜಾನ್ ಆಂಡರ್ಸನ್. ಯೋಜನೆ ೧೯೪೪ರ ಏಪ್ರಿಲ್ ೬ರಿಂದ ನಡೆಯಿತು.

ಅದರ ಹೂಟ ಹೀಗೆ. ಕೆಲಸಗಾರ ತನ್ನ ಸಂಸಾರದ ಸಂಗತಿಯನ್ನೆಲ್ಲ - ಹೆಂಡತಿ, ಮಕ್ಕಳು, ಸಾಕಬೇಕಾದ ಮುದಿತಾಯಿ, ಬೇರೆ ವರಮಾನ - ಬರೆದು ಕಳಿಸುವುದು ತೆರಿಗೆಯ ಇನ್‌ಸ್ಪೆಕ್ಟರನಿಗೆ. ಅವನು ರಿಯಾಯಿತಿಗಳನ್ನು ಕೂಡಿ ಕಳೆದು ಒಂದು ಸಂಕೇತ ಸಂಖ್ಯೆಯನ್ನು ಗೊತ್ತುಮಾಡುತ್ತಾನೆ. ಧಣಿಗೆ ಹೋಗುವುದು ಆ ಸಂಖ್ಯೆ ಮಾತ್ರ. ಧಣಿಯ ಬಳಿ ಸರ್ಕಾರ ಕೊಟ್ಟ ಕೋಷ್ಟಕದ ಪುಸ್ತಕವಿರುತ್ತದೆ. ವರ್ಷದ ಆರಂಭದಿಂದ ಈ ವಾರದ ವರೆಗೆ ಎಷ್ಟು ಕೂಲಿ ಆಯಿತು ಎಂಬುದನ್ನು ಈ ಸಂಖ್ಯೆಯ ಎದುರಿಗೆ ನೋಡಿದರೆ ಎಷ್ಟು ಮುರಿಯಬೇಕೆಂಬುದು ತಿಳಿಯುತ್ತದೆ. ಕೂಲಿ ಇಳಿದರೆ ತೆರಿಗೆಯೂ ತಾನಾಗಿಯೇ ಇಳಿಯುತ್ತದೆ. ಒಂದೇ ಸಂಖ್ಯೆಗೆ ಹತ್ತಾರು ಬಗೆಯ ಸಂಸಾರದ ಪರಿಸ್ಥಿತಿಗಳು ಹೊಂದಬಹುದಾದ್ದರಿಂದ, ಕೆಲಸಗಾರನ ಮನೆಯ ಒಳಗುಟ್ಟು ಧಣಿಗೆ ನಿಶ್ಚಯವಾಗಿ ತಿಳಿಯುವಂತಿಲ್ಲ. ಕೆಲಸ ಬಿಟ್ಟು ಬೇರೆ ಕಡೆ ಸೇರುವಾಗ ಪಿ-೪೫ ಎಂಬ ಒಂದು ಚೀಟಿ. ಅದರಲ್ಲಿ ಸಂಕೇತ ಸಂಖ್ಯೆ, ಅಲ್ಲಿಯ ವರೆಗಿನ ಸಂಬಳ, ಮುರಿದ ತೆರಿಗೆ. ಹೊಸ ಧಣಿಗೆ ಲೆಕ್ಕ ಮುಂದುವರಿಸಲು ಅಷ್ಟು ಸಾಕು. ಆಡಿಂಗ್ಟನ್ನನ ಕಾಲದಲ್ಲಿ ಐದು ಬಾಬು ಮಾಡಿದ ಕೆಲಸವನ್ನು ಇಲ್ಲಿ ಒಂದು ಸಂಖ್ಯೆ ಮಾಡಿತು. ಹಣವನ್ನು ಮುರಿಯುವವನು ಬೇರೆ, ಗುಟ್ಟನ್ನು ಬಲ್ಲವನು ಬೇರೆ.

ಅಮೆರಿಕದ ದಾರಿ ಇದಕ್ಕಿಂತ ಭಿನ್ನ. ಅಲ್ಲಿ ಮೊದಲು ಬಂದದ್ದು ವೃದ್ಧಾಪ್ಯದ ವಿಮೆ. ೧೯೩೫ರ ಸಾಮಾಜಿಕ ಭದ್ರತೆಯ ಕಾಯಿದೆಯ ಮೇರೆಗೆ, ಪ್ರತಿಯೊಬ್ಬ ಕೆಲಸಗಾರನ ಗಳಿಕೆಯನ್ನೂ ಅವನ ಹೆಸರಿನಲ್ಲಿ ಜೀವಮಾನ ಪೂರ್ತಿ ಬರೆದಿಡಬೇಕಾಗಿತ್ತು. ಒಂದೇ ಹೆಸರಿನ ಸಾವಿರಾರು ಜನರಿರುವ ದೇಶದಲ್ಲಿ ಸಂಖ್ಯೆಯಿಲ್ಲದೆ ಇದು ಆಗುವ ಮಾತಲ್ಲ. ೧೯೩೬ರ ನವೆಂಬರಿನಲ್ಲಿ ಅಂಚೆ ಕಛೇರಿಗಳ ಮೂಲಕ ಸಂಖ್ಯೆ ಕೊಡುವ ಕೆಲಸ ಆರಂಭವಾಯಿತು. ಕೆಲಸಗಾರರ ಕೊರಳಿಗೆ ನಾಯಿಗೆ ಕಟ್ಟುವಂತೆ ಬಿಲ್ಲೆ ಕಟ್ಟುತ್ತಾರೆ ಎಂದು ವಿರೋಧಿಗಳ ಪತ್ರಿಕೆಗಳು ಹುಯಿಲೆಬ್ಬಿಸಿದವು. ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಅರ್ಜಿಯನ್ನು ತುಂಬಿ ಧಣಿಯ ಕೈಗೇ ಕೊಡಬೇಕೆಂಬ ಕಟ್ಟಳೆ ಇಡಲಿಲ್ಲ. ಬೇಕಾದವರು ಅಂಚೆಯವನಿಗೆ ಕೊಡಬಹುದಾಗಿತ್ತು, ಅಂಚೆ ಕಛೇರಿಗೆ ಒಯ್ಯಬಹುದಾಗಿತ್ತು, ತಮ್ಮ ಕಾರ್ಮಿಕ ಸಂಘದ ಮೂಲಕವೂ ಕಳಿಸಬಹುದಾಗಿತ್ತು. ೧೯೩೭ರ ಜೂನ್ ಮುಗಿಯುವಷ್ಟರಲ್ಲಿ ಮೂರು ಕೋಟಿಗೂ ಹೆಚ್ಚು ಜನಕ್ಕೆ ಸಂಖ್ಯೆ ದೊರೆತಿತ್ತು.

ಯುದ್ಧಕಾಲದ ಒತ್ತಡದಿಂದ ೧೯೪೩ರ ಜುಲೈ ೧ರಿಂದ ಅಮೆರಿಕದಲ್ಲಿಯೂ ಸಂಬಳದಲ್ಲಿಯೇ ವರಮಾನ ತೆರಿಗೆಯನ್ನು ಮುರಿಯತೊಡಗಿದರು. ಆದರೆ ಅಲ್ಲಿ ಇಂಗ್ಲೆಂಡಿನಂತೆ ಸಂಕೇತ ಸಂಖ್ಯೆಯ ಮರೆ ಇರಲಿಲ್ಲ. ಮದುವೆಯಾಗಿದೆಯೆ, ಎಷ್ಟು ಜನ ಅವಲಂಬಿತರು ಎಂಬುದನ್ನು ನೌಕರನೇ ಒಂದು ಪತ್ರದಲ್ಲಿ ಬರೆದು ನೇರವಾಗಿ ಧಣಿಗೆ ಕೊಡಬೇಕು. ೧೯೬೧ರ ಒಂದು ಕಾಯಿದೆಯ ಮೂಲಕ ಸಾಮಾಜಿಕ ಭದ್ರತೆಯ ಸಂಖ್ಯೆಯೇ ತೆರಿಗೆಯ ಸಂಖ್ಯೆಯೂ ಆಯಿತು. ಇದು ಗುರುತಿನ ಚೀಟಿಯಲ್ಲ ಎಂದು ೧೯೪೬ರಿಂದ ಆ ಕಾರ್ಡಿನ ಮೇಲೆಯೇ ಅಚ್ಚುಹಾಕುತ್ತಿದ್ದರು. ೧೯೭೨ರಲ್ಲಿ ಆ ಮಾತನ್ನು ಬಿಟ್ಟರು. ಅಷ್ಟು ಹೊತ್ತಿಗೆ ಎಲ್ಲರೂ ಅದನ್ನು ಗುರುತಿನ ಚೀಟಿಯಾಗಿಯೇ ಬಳಸುತ್ತಿದ್ದರು.

ಸಂಖ್ಯೆಯನ್ನು ಅಜಾಗ್ರತೆಯಿಂದ ಆಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಒಂದು ಪ್ರಸಂಗವಿದೆ. ೧೯೩೮ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲಾಕ್‌ಪೋರ್ಟ್ ಎಂಬ ಊರಿನ ಒಂದು ಕಂಪನಿ ಕಾರ್ಡು ಇಡಲು ತಕ್ಕಂಥ ಜೇಬುಚೀಲಗಳನ್ನು ಮಾಡಿತು. ಕಾರ್ಡು ಅದರಲ್ಲಿ ಹೇಗೆ ಕೂರುತ್ತದೆ ಎಂದು ತೋರಿಸಲು ಒಂದೊಂದು ಚೀಲದಲ್ಲಿಯೂ ಒಂದು ಮಾದರಿ ಕಾರ್ಡನ್ನು ಇಟ್ಟರು. ಅದರಲ್ಲಿ ಅಚ್ಚಾಗಿದ್ದದ್ದು ಕಂಪನಿಯ ಕಾರ್ಯದರ್ಶಿಣಿಯೊಬ್ಬಳ ನಿಜವಾದ ಸಂಖ್ಯೆ. ಕಾರ್ಡು ಅಳತೆಯಲ್ಲಿ ಚಿಕ್ಕದು, ಮೇಲೆ 'ಮಾದರಿ' ಎಂಬ ಮಾತೂ ಇತ್ತು. ಆದರೂ ಚೀಲ ಕೊಂಡ ಸಾವಿರಾರು ಜನ ಅದನ್ನೇ ತಮ್ಮ ಸಂಖ್ಯೆಯೆಂದು ತಿಳಿದು ಬರೆದುಕೊಟ್ಟರು. ೧೯೪೩ರಲ್ಲಿ ೫,೭೫೫ ಮಂದಿ ಆ ಒಂದೇ ಸಂಖ್ಯೆಯನ್ನು ಬಳಸುತ್ತಿದ್ದರು; ವರ್ಷಗಳ ಉದ್ದಕ್ಕೂ ಸೇರಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಳಸಿದರೆಂದು ಲೆಕ್ಕ. ಸರ್ಕಾರ ಆ ಹೆಣ್ಣುಮಗಳಿಗೆ ಬೇರೆ ಸಂಖ್ಯೆ ಕೊಡಬೇಕಾಯಿತು. ನಗುವ ಸಂಗತಿಯಾದರೂ ಪಾಠ ದೊಡ್ಡದು. ಅಂಕಿಗಳಿಗೆ ತಮ್ಮ ಒಡೆಯ ಯಾರೆಂದು ಗೊತ್ತಿರುವುದಿಲ್ಲ. ಬರೆದವನ ಕೈಗೆ ಅವು ಹೋಗುತ್ತವೆ.

ಸ್ವತಂತ್ರ ಭಾರತದಲ್ಲಿ ೧೯೬೧ರ ವರಮಾನ ತೆರಿಗೆಯ ಕಾಯಿದೆ ಬಂದಿತು. ಅದರ ೧೯೨ನೆಯ ಪ್ರಕರಣ ಸಂಬಳದಾರರಿಗೆಲ್ಲ ಅನ್ವಯಿಸಿದ್ದು. ನೌಕರನ ವರ್ಷದ ಸಂಬಳವನ್ನು ಧಣಿ ಮೊದಲೇ ಅಂದಾಜು ಮಾಡಿ, ಬೀಳುವ ತೆರಿಗೆಯನ್ನು ತಿಂಗಳು ತಿಂಗಳಿಗೆ ಹಂಚಿ ಮುರಿಯಬೇಕು. ಇಂಗ್ಲೆಂಡಿನಲ್ಲಿ ಇನ್‌ಸ್ಪೆಕ್ಟರ್ ಮಾಡುತ್ತಿದ್ದ ಲೆಕ್ಕ ನಮ್ಮಲ್ಲಿ ಧಣಿಯ ಪಾಲಿಗೆ ಬಂದಿತು. ರಿಯಾಯಿತಿಯ ಲೆಕ್ಕ ಧಣಿಯದಾದ ಮೇಲೆ ರಸೀತಿಗಳೂ ಧಣಿಯ ಬಳಿಗೇ ಹೋಗಬೇಕಲ್ಲವೆ? ಜೀವವಿಮೆಯ ಕಂತು, ಭವಿಷ್ಯನಿಧಿ, ಬಾಡಿಗೆಯ ರಸೀತಿ ಎಲ್ಲವೂ ಹಾಗೆ ಹೋದವು.

ಗುರುತಿನ ಸಂಖ್ಯೆಯ ಕಥೆಯೂ ಇದರ ಜೊತೆಜೊತೆಗೆ ನಡೆಯಿತು. ಮೊದಲು ಇದ್ದದ್ದು ತೆರಿಗೆ ಕಛೇರಿಯ ದಾಖಲೆ ಪುಸ್ತಕದ ಕ್ರಮಸಂಖ್ಯೆ. ಊರು ಬದಲಾದರೆ ಸಂಖ್ಯೆಯೂ ಬದಲು. ೧೯೭೨ರಲ್ಲಿ ಶಾಶ್ವತ ಖಾತೆ ಸಂಖ್ಯೆ, ಎಂದರೆ ಪ್ಯಾನ್, ರೂಢಿಗೆ ಬಂದಿತು. ೧೯೭೬ರ ಏಪ್ರಿಲ್ ೧ರಿಂದ ಕಾಯಿದೆಯ ಬಲ ಪಡೆಯಿತು. ಈಗ ಎಲ್ಲರ ಕೈಯಲ್ಲಿರುವ ಹತ್ತು ಅಕ್ಷರಾಂಕಗಳ ಪ್ಯಾನ್ ೧೯೯೫ರ ಏರ್ಪಾಡಿನದು. ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ನಾಲ್ಕನೆಯ ಅಕ್ಷರ 'ಪಿ' ಆಗಿದ್ದರೆ ಅದು ವ್ಯಕ್ತಿಯದು. ಐದನೆಯದು ಆ ವ್ಯಕ್ತಿಯ ಮನೆತನದ ಹೆಸರಿನ ಮೊದಲಕ್ಷರ. ನೌಕರ ಪ್ಯಾನ್ ಕೊಡದಿದ್ದರೆ ನೂರಕ್ಕೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚಿನ ದರದಲ್ಲಿ ತೆರಿಗೆ ಮುರಿಯತಕ್ಕದ್ದೆಂಬ ನಿಯಮ ೨೦೧೦ರ ಏಪ್ರಿಲ್ ೧ರಿಂದ ಬಂದಿತು. ೨೦೧೬ರ ಜೂನ್ ೧ರಿಂದ ರಿಯಾಯಿತಿ ಬೇಡುವ ನೌಕರ ೧೨-ಬಿಬಿ ಎಂಬ ಒಂದೇ ನಮೂನೆಯಲ್ಲಿ ಎಲ್ಲವನ್ನೂ ಬರೆದುಕೊಡಬೇಕಾಯಿತು. ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ಮೀರಿದರೆ ಮನೆಯ ಯಜಮಾನರ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಇವೂ ಬೇಕು. ಈ ಕೊನೆಯದನ್ನು ಗಮನಿಸಿ. ನಿಮ್ಮ ಧಣಿಗೂ ನಿಮ್ಮ ಮನೆಯ ಯಜಮಾನರಿಗೂ ಮುಖಪರಿಚಯವಿಲ್ಲ. ಆದರೂ ನಿಮ್ಮ ಕೈಯಿಂದ ಅವರ ಗುರುತು ಇವರ ಪೆಟ್ಟಿಗೆಗೆ ಹೋಗುತ್ತದೆ. ಗುಟ್ಟನ್ನು ಕಾಯುವ ಹೊಣೆ ಕೇಳುವವರದು ಮಾತ್ರವಲ್ಲ, ಬೇರೆಯವರ ವಿವರ ಒಯ್ಯುವ ನಮ್ಮದೂ ಹೌದು.

ಈ ಹಿನ್ನೆಲೆಯಲ್ಲಿ ನಮ್ಮ ನಾಡಿನ ಹಿರಿಯರೊಬ್ಬರನ್ನು ನೆನೆಯಬೇಕು. ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. ಆ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ತೀರ್ಪಿತ್ತು, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸಾರಿತು. ೨೦೧೮ರ ಸೆಪ್ಟೆಂಬರ್ ೨೬ರಂದು ಐದು ಮಂದಿಯ ಪೀಠ ನಾಲ್ಕು-ಒಂದರ ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿದು, ಪ್ಯಾನ್ ಮತ್ತು ಆಧಾರ್ ಜೋಡಣೆಯನ್ನೂ ಒಪ್ಪಿತು. ಆದರೆ ಖಾಸಗಿ ಕಂಪನಿಗಳು ತಮ್ಮ ಇಷ್ಟದಂತೆ ಆಧಾರನ್ನು ಬಳಸಲು ಬಿಟ್ಟಿದ್ದ ಬಾಗಿಲನ್ನು ಮುಚ್ಚಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೊಂಬತ್ತೆಂಟು ವರ್ಷದ ತುಂಬುಬಾಳು ಬಾಳಿ ತೀರಿಕೊಂಡರು. ಅವರ ಹೆಸರಿನ ತೀರ್ಪಿನ ಬೆನ್ನಲ್ಲಿಯೇ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿತು. ನೌಕರಿಯ ಕಾರಣಕ್ಕೆ ಬೇಕಾದ ವಿವರಗಳಿಗೆ ಪ್ರತ್ಯೇಕ ಒಪ್ಪಿಗೆ ಬೇಡವೆಂದು ಅದು ಧಣಿಗೆ ಅನುಕೂಲ ಮಾಡಿಕೊಟ್ಟಿದೆ. ಆದರೆ ಇಟ್ಟುಕೊಂಡದ್ದನ್ನು ಭದ್ರವಾಗಿ ಕಾಯುವ ಹೊಣೆಯನ್ನೂ ಹೊರಿಸಿದೆ. ೧೯೨೨ರಲ್ಲಿ ಸರ್ಕಾರಿ ಅಧಿಕಾರಿಯ ಬಾಯಿಗೆ ಬಿದ್ದ ಬೀಗದ ಜೊತೆಗಾರ ಬೀಗ ಧಣಿಯ ಪೆಟ್ಟಿಗೆಗೆ ಸಿದ್ಧವಾಗಲು ನೂರು ವರ್ಷ ಹಿಡಿಯಿತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ೨೦೨೦ರಲ್ಲಿ ಕಡಮೆ ದರದ, ರಿಯಾಯಿತಿಗಳನ್ನು ಬಹುಪಾಲು ಬಿಟ್ಟ ಹೊಸ ಪದ್ಧತಿಯೊಂದು ಬಂದಿತು. ೨೦೨೩-೨೪ರಿಂದ, ಬೇಡವೆನ್ನದಿದ್ದರೆ ಅದೇ ಅನ್ವಯವಾಗುವಂತಾಯಿತು. ೧೯೬೧ರ ಕಾಯಿದೆಯ ಬದಲಿಗೆ ಪಾರ್ಲಿಮೆಂಟು ೨೦೨೫ರಲ್ಲಿ ಮಾಡಿದ ಕಾಯಿದೆ ೨೦೨೬ರ ಏಪ್ರಿಲ್ ೧ರಿಂದ ಜಾರಿಯಾಗುವಂತೆ ಗೊತ್ತುಮಾಡಿದ್ದಾಯಿತು. ಅದರಲ್ಲಿಯೂ ಈ ಎರಡು ದಾರಿಗಳನ್ನು ಉಳಿಸಿದರು. ಹೊಸ ಪದ್ಧತಿಯಲ್ಲಿ ಬಾಡಿಗೆಯ ರಸೀತಿ ತೋರಿಸಬೇಕಾಗಿಲ್ಲ, ತಾಯಿತಂದೆಯರ ವಿಮೆಯ ಸುದ್ದಿ ಹೇಳಬೇಕಾಗಿಲ್ಲ. ಲೆಕ್ಕ ಸರಳವಾದಷ್ಟೂ ಕೇಳುವ ಪ್ರಶ್ನೆಗಳು ಕಡಮೆ. ಇಂಗ್ಲೆಂಡು ಸಂಕೇತ ಸಂಖ್ಯೆಯಿಂದ ಪಡೆದ ಗುಟ್ಟಿನ ರಕ್ಷಣೆಯನ್ನು ನಾವು ರಿಯಾಯಿತಿಯನ್ನು ಬಿಟ್ಟುಕೊಟ್ಟು ಒಂದಷ್ಟು ಪಡೆದಂತಾಯಿತು.

ಹಾಗಾದರೆ ಸಂಬಳದಾರನು ಮಾಡತಕ್ಕದ್ದೇನು? ಪ್ಯಾನ್ ಸಂಖ್ಯೆಯನ್ನು ಧಣಿಗೆ ಕೊಡಬೇಕು, ಅದರಲ್ಲಿ ಅನುಮಾನವಿಲ್ಲ. ನಿಮ್ಮ ಸಂಬಳದಿಂದ ಮುರಿದ ಹಣ ಸರ್ಕಾರದ ಲೆಕ್ಕದಲ್ಲಿ ನಿಮ್ಮ ಹೆಸರಿಗೇ ಬೀಳಬೇಕಾದರೆ ಅದು ಬೇಕೇ ಬೇಕು. ಕೊಡದವನಿಗೆ ಹೆಚ್ಚು ದರದ ತೆರಿಗೆ. ಆದರೆ ರಿಯಾಯಿತಿಯ ವಿವರಗಳ ಮಾತು ಬೇರೆ. ಬ್ಯಾಂಕಿನ ಬಡ್ಡಿ ಮೊದಲಾದ ಬೇರೆ ವರಮಾನವನ್ನು ಧಣಿಗೆ ತಿಳಿಸುವುದನ್ನು ೧೯೬೧ರ ಕಾಯಿದೆಯೂ ನೌಕರನ ಇಷ್ಟಕ್ಕೇ ಬಿಟ್ಟಿತ್ತು. ಮನೆಯಲ್ಲಿ ದೀರ್ಘ ಕಾಯಿಲೆಯವರಿದ್ದಾರೆ, ಅಂಗವಿಕಲ ಮಗುವಿದೆ ಎಂದಿಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಅದಕ್ಕೆ ರಿಯಾಯಿತಿ ಉಂಟು. ಕಛೇರಿಯಲ್ಲಿ ಈ ಸಂಗತಿ ಹರಡುವುದು ನಿಮಗೆ ಇಷ್ಟವಿಲ್ಲದಿದ್ದರೆ ಧಣಿಗೆ ಹೇಳದೆ, ವರ್ಷಾಂತ್ಯದಲ್ಲಿ ನೀವೇ ಸರ್ಕಾರಕ್ಕೆ ಸಲ್ಲಿಸುವ ವಿವರಪತ್ರದಲ್ಲಿ ಆ ರಿಯಾಯಿತಿಯನ್ನು ಕೇಳಿಕೊಳ್ಳಬಹುದು. ಹೆಚ್ಚಾಗಿ ಮುರಿದ ಹಣ ಹಿಂದಕ್ಕೆ ಬರುತ್ತದೆ. ನಷ್ಟವೆಂದರೆ ಕೆಲವು ತಿಂಗಳ ಕಾಯುವಿಕೆ. ಗುಟ್ಟಿಗೆ ತೆತ್ತ ಬೆಲೆ ಅಷ್ಟೇ. ಆ ಬೆಲೆ ಹೆಚ್ಚೋ ಕಡಮೆಯೋ ಎಂಬುದನ್ನು ಆಯಾ ಮನೆಯವರೇ ತೂಗಿ ನೋಡಬೇಕು. ತಿಂಗಳ ಸಂಬಳ ತಿಂಗಳಿಗೇ ಮುಗಿಯುವ ಮನೆಗೆ ಕಾಯುವುದು ಸುಲಭವಲ್ಲ ಎಂಬುದೂ ನಿಜವೇ.

ಆಧಾರಿನ ಪ್ರತಿಯನ್ನು ಭವಿಷ್ಯನಿಧಿ ಮೊದಲಾದ ಬೇರೆ ಕಾರಣಕ್ಕೆ ಕೇಳಿದಾಗ ಯಾವ ಕಾರಣಕ್ಕೆ ಎಂದು ವಿನಯದಿಂದ ವಿಚಾರಿಸಿ. ಕೊಡುವ ಪ್ರತಿಯ ಮೇಲೆ ಕಾರಣವನ್ನೂ ತಾರೀಖನ್ನೂ ಬರೆದು ರುಜು ಮಾಡಿ. ಸಾಲುವ ಕಡೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನೇ ಕೊಡಿ. ತೆರಿಗೆ ಇಲಾಖೆ ನಿಮ್ಮ ಹೆಸರಿನಲ್ಲಿ ಇಟ್ಟಿರುವ ವಾರ್ಷಿಕ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಿ. ನೀವು ಕಾಣದ ಊರಿನಲ್ಲಿ ನಿಮಗೆ ಸಂಬಳ ಕೊಟ್ಟಂತೆ ಯಾರಾದರೂ ಬರೆದಿದ್ದರೆ ಅಲ್ಲಿ ಕಾಣುತ್ತದೆ. ಕೂಡಲೆ ಆಕ್ಷೇಪಣೆ ಸಲ್ಲಿಸಬಹುದು.

ಸಣ್ಣ ಪುಟ್ಟ ಅಂಗಡಿ, ಕಾರ್ಖಾನೆ ನಡೆಸುತ್ತ ನಾಲ್ಕಾರು ಜನಕ್ಕೆ ಸಂಬಳ ಕೊಡುವವರೂ ಈ ಓದುಗರಲ್ಲಿ ಇರಬಹುದು. ಅವರಿಗೂ ಒಂದು ಮಾತು. ಹಿಂದೆ ರೇಡಿಯೊ ಇಟ್ಟುಕೊಂಡ ಪ್ರತಿಯೊಂದು ಮನೆಯವರೂ ಅಂಚೆ ಕಛೇರಿಗೆ ಹೋಗಿ ಹೆಸರು ವಿಳಾಸ ಬರೆಯಿಸಿ, ಶುಲ್ಕ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. ೧೯೮೦ರ ದಶಕದಲ್ಲಿ ಆ ಪದ್ಧತಿ ಹೋಯಿತು. ಆ ಪುಸ್ತಕದಲ್ಲಿ ಶುಲ್ಕಕ್ಕೆ ಬೇಕಾದಷ್ಟು ಮಾತ್ರ ಇರುತ್ತಿತ್ತು. ನೀವು ಸಂಗೀತ ಕೇಳುವಿರೋ, ವಾರ್ತೆ ಕೇಳುವಿರೋ, ಯಾವ ಊರಿನ ನಿಲಯ ಹಚ್ಚುವಿರೋ ಎಂದು ಅಂಚೆಯ ಗುಮಾಸ್ತೆ ಕೇಳುತ್ತಿರಲಿಲ್ಲ. ಕೆಲಸಕ್ಕೆ ಬೇಕಾದಷ್ಟನ್ನೇ ಕೇಳುವ ಆ ಹದವನ್ನು ಸಂಬಳ ಕೊಡುವವರು ಕಲಿಯಬೇಕು. ನೌಕರರ ಪ್ಯಾನ್ ಸಂಖ್ಯೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದು, ಎಲ್ಲರ ಕಣ್ಣಿಗೂ ಬೀಳುವಂತೆ ಮೊಬೈಲಿನ ಗುಂಪಿನಲ್ಲಿ ಹಾಕುವುದು, ಹಳೆಯ ನಮೂನೆಗಳನ್ನು ರದ್ದಿಗೆ ತೂಕಕ್ಕೆ ಹಾಕುವುದು ಇವು ಅವರನ್ನು ನಂಬಿದವರಿಗೆ ಮಾಡುವ ಅನ್ಯಾಯ. ನೌಕರ ಕೊಟ್ಟ ಹಾಳೆ ಸರ್ಕಾರದ ಹಣದ ಹಾಗೆಯೇ ಧಣಿಯ ಕೈಯಲ್ಲಿ ಇಟ್ಟ ಒಪ್ಪೊತ್ತಿನ ಠೇವಣಿ. ಮುರಿದ ತೆರಿಗೆಯನ್ನು ಕಾಲಕ್ಕೆ ಸರಿಯಾಗಿ ಕಟ್ಟದಿದ್ದರೆ ಅಪರಾಧವಾಗುತ್ತದೆ ಎಂದು ಎಲ್ಲ ಧಣಿಗಳಿಗೂ ಗೊತ್ತು. ಕೊಟ್ಟ ವಿವರವನ್ನು ಕಾಯದಿದ್ದರೂ ಅದು ಅಷ್ಟೇ ದೊಡ್ಡ ಲೋಪ ಎಂಬುದು ಅವರಿಗೆ ಗೊತ್ತಾಗಲಿ.